ಪಂಕ್ತಿಭೇದದ ಮಾತ್ರೆ

ನಮ್ಮ ಅತ್ತೆಯ ಪ್ರಕಾರ ಲೋಕದಲ್ಲಿ ಕ್ಷಮೆಯೇ ಇಲ್ಲದ ತಪ್ಪು ಒಂದೇ ಒಂದು: ಪಂಕ್ತಿಭೇದ. ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂರಿಸಿದ ಮೇಲೆ ಒಬ್ಬರಿಗೆ ಪಾಯಸ ಬಡಿಸಿ, ಪಕ್ಕದವರನ್ನು ಬಿಟ್ಟು ಮುಂದೆ ಹೋಗುವುದು. ಸುಳ್ಳು ಹೇಳಿದವರನ್ನಾದರೂ ಅವರು ಸಹಿಸಿಕೊಂಡಾರು, ಹೀಗೆ ಮಾಡಿದವರನ್ನಲ್ಲ. ನಮ್ಮದು ಅಡುಗೆಯವರ ಮನೆ. ಹಿಂದೆ ಮಾವ, ಈಗ ನನ್ನ ಗಂಡ ಮತ್ತು ಮೈದುನ, ನಮ್ಮೂರು ಪೆರಾಬೆಯಿಂದ ಹಿಡಿದು ಪುತ್ತೂರು, ಸುಳ್ಯ, ಅತ್ತ ಗುಂಡ್ಯದವರೆಗೆ ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡುಗೆ ಮಾಡಲು ಹೋಗುತ್ತಾರೆ. ನಾನು ಹೊಸ ಸೊಸೆಯಾಗಿದ್ದಾಗ ಒಂದು ಮದುವೆಯಲ್ಲಿ ಬಡಿಸುವವನೊಬ್ಬ ಕಾರಿನಲ್ಲಿ ಬಂದಿದ್ದ ದೊಡ್ಡ ಮನುಷ್ಯರಿಗೆ ಎರಡು ಹೋಳಿಗೆ ಹಾಕಿ, ಪಕ್ಕದಲ್ಲಿದ್ದ ಅಜ್ಜನಿಗೆ ಒಂದೇ ಹಾಕಿದ. ಅತ್ತೆ, ಎಲೆ ಬಿಟ್ಟು ನಡುವೆ ಏಳಬಾರದೆಂಬುದನ್ನೂ ಮರೆತು ಎದ್ದು, ಅವನ ಕೈಯಿಂದ ಹೋಳಿಗೆಯ ಪಾತ್ರೆಯನ್ನೇ ಕಿತ್ತುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಜ್ಜ ಮಾತ್ರ ಎರಡನೆಯ ಹೋಳಿಗೆಗೂ ತುಪ್ಪ ಹಾಕಿಸಿಕೊಂಡು ಆರಾಮವಾಗಿ ತಿಂದರು.

ಇಂಥವರ ಕೈಗೆ ವೈದ್ಯಕೀಯ ಸಂಶೋಧನೆ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ನನ್ನ ಮೊದಲ ಬಸಿರು ಏಳನೇ ತಿಂಗಳಲ್ಲಿ ಹೋಯಿತು. ಬಿಪಿ ಏರಿ, ಕಣ್ಣು ಮಂಜಾಗಿ, ಪುತ್ತೂರಿನ ಆಸ್ಪತ್ರೆಗೆ ಮುಟ್ಟಿದ ಮೇಲೆ ಡಾಕ್ಟರು ಎಷ್ಟು ಒದ್ದಾಡಿದರೂ ಮಗು ಉಳಿಯಲಿಲ್ಲ. ಹೆಣ್ಣು. ಮನೆಗೆ ಬಂದ ನನಗೆ ಅತ್ತೆ ಹೊತ್ತು ಹೊತ್ತಿಗೆ ಊಟ ಕೊಟ್ಟರು, ಎಣ್ಣೆ ತಿಕ್ಕಿದರು, ಬಿಸಿನೀರು ಹೊಯ್ದರು. ಆದರೆ ಆ ಮಗುವಿನ ಬಗ್ಗೆ ಒಂದು ಮಾತು? ಇಲ್ಲ. ಅಯ್ಯೋ ಅಂತಲೂ ಇಲ್ಲ. ನಾನು ಕಾದೆ ಕಾದೆ, ಆಮೇಲೆ ಕಾಯುವುದನ್ನು ಬಿಟ್ಟು ಸಿಟ್ಟನ್ನು ಮಾತ್ರ ಇಟ್ಟುಕೊಂಡೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ.

ಮತ್ತೆ ಬಸಿರಾದಾಗ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಅದೇ ಹೊತ್ತಿಗೆ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಅವಳೂ ಬಸಿರು. ಅವಳಿಗೆ ಚೊಚ್ಚಲು. ಅವಳ ತಾಯಿಗೂ ಬಸಿರಿನಲ್ಲಿ ಬಿಪಿ ಏರಿ ಕಷ್ಟವಾಗಿತ್ತಂತೆ. ಇಬ್ಬರೂ ಒಟ್ಟಿಗೇ ಪುತ್ತೂರಿನ ಆಸ್ಪತ್ರೆಗೆ ಹೋದೆವು. ನನ್ನ ಹಳೆಯ ಕಥೆಯೆಲ್ಲ ಗೊತ್ತಿದ್ದ ಅದೇ ಡಾಕ್ಟರಮ್ಮ ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು.

"ಬಿಪಿ ಏರುವ ಅಪಾಯ ಇರುವವರಿಗೆ ಕೊಡುವ ಮದ್ದು ನಿಮಗಿಬ್ರಿಗೂ ಕೊಟ್ಟೇ ಕೊಡ್ತೇನೆ. ಅದರ ಮೇಲೆ ಇನ್ನೊಂದು ಮಾತ್ರೆ ಸೇರಿಸಿದ್ರೆ ಉಪಕಾರ ಉಂಟಾ ಅಂತ ಒಂದು ಸಂಶೋಧನೆ ನಡೀತಾ ಉಂಟು. ಅರ್ಧ ಜನರ ಬಾಟ್ಲಿಯಲ್ಲಿ ಮದ್ದು ಇರುವ ಮಾತ್ರೆ. ಉಳಿದ ಅರ್ಧ ಜನರದ್ದು ನೋಡ್ಲಿಕ್ಕೆ ಹಾಗೇ ಇರ್ತದೆ, ಮದ್ದು ಇರುದಿಲ್ಲ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗುದಿಲ್ಲ, ನನಗೂ ಗೊತ್ತಾಗುದಿಲ್ಲ. ಮನಸ್ಸಿಲ್ಲದಿದ್ರೆ ಬೇಡ, ಚಿಕಿತ್ಸೆಯಲ್ಲಿ ಎಂತದೂ ಕಮ್ಮಿ ಆಗುದಿಲ್ಲ."

ನಾನು ಒಪ್ಪಿ ಸಹಿ ಹಾಕಿದೆ. ಏನೂ ಮಾಡದೆ ಹೆದರಿಕೊಂಡು ಕೂರುವುದಕ್ಕಿಂತ ಏನಾದರೊಂದು ಮಾಡಿದಂತಾಗುತ್ತದಲ್ಲ ಎಂದುಕೊಂಡೆ. "ಅಕ್ಕ ಹಾಕಿದ್ರೆ ನಾನೂ ಹಾಕ್ತೇನೆ" ಎಂದು ವಾರಗಿತ್ತಿಯೂ ಹಾಕಿದಳು. ನಾಲ್ಕು ಸಲ ಓದಿ ನೋಡು ಮಾರಾಯ್ತಿ ಎಂದು ನಾನು ಗದರಿದೆ. ಓದಿದಳು, ಮತ್ತೆ ಹಾಕಿದಳು.

ಮನೆಗೆ ಬಂದು ಅತ್ತೆಗೆ ವಿಷಯ ಹೇಳಿದ್ದೇ ತಡ, ಕಾಯಿ ತುರಿಯುತ್ತಿದ್ದವರ ಕೈ ನಿಂತಿತು.

"ಅಂದ್ರೆ ಎಂತ? ಒಬ್ಳಿಗೆ ಪಾಯಸ, ಇನ್ನೊಬ್ಳಿಗೆ ನೀರಾ? ಒಂದೇ ಮನೆಯಲ್ಲಿ, ಒಂದೇ ಸಾಲಲ್ಲಿ ಕೂರಿಸಿ? ಕಲ್ತವರು ಮಾಡುವ ಕೆಲಸವಾ ಇದು?"

"ಅತ್ತೆ, ಅದು ಹಾಗಲ್ಲ."

"ಹೇಗಾದ್ರೂ ಪಂಕ್ತಿಭೇದವೇ."

ಆಮೇಲೆ ಅವರು ಮತ್ತೆ ಕಾಯಿ ತುರಿಯತೊಡಗಿದರು. ನಾನು ಬದುಕಿದೆ ಎಂದುಕೊಂಡೆ. "ನೀವಿಬ್ರೂ ಮರೆಗುಳಿಗಳು, ಮಾತ್ರೆ ನನ್ನ ಹತ್ರ ಇರ್ಲಿ" ಎಂದು ಬಾಟ್ಲಿಗಳನ್ನು ತಾವೇ ತೆಗೆದಿರಿಸಿಕೊಂಡು, ದಿನಾ ಊಟವಾದ ಮೇಲೆ ನಮ್ಮ ಅಂಗೈಗೆ ಒಂದೊಂದು ಮಾತ್ರೆ ಹಾಕತೊಡಗಿದರು. ಅತ್ತೆಯ ಈ ಶಿಸ್ತನ್ನು ನಾನು ಗಂಡನ ಹತ್ತಿರ ಹೊಗಳಿದ್ದೂ ಉಂಟು!

ಸಂಶೋಧನೆಯ ಕಡೆಯಿಂದ ನಮ್ಮ ಬಿಪಿ ನೋಡಲು ಸ್ಕೂಟರಿನಲ್ಲಿ ಒಬ್ಬಳು ಸಿಸ್ಟರ್ ಬರುತ್ತಿದ್ದಳು. ಸುಳ್ಯದ ಕಡೆಯವಳು, ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ಕನ್ನಡ, ಪಕ್ಕದ ಮನೆಯವರೊಡನೆ ತುಳು. ಒಂದು ದಿನ ಅವಳು ಮಾತ್ರೆಯ ಬಾಟ್ಲಿಗಳನ್ನು ನೋಡಬೇಕೆಂದಳು. ಅತ್ತೆ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದು ಅವಳ ಮುಂದಿಟ್ಟರು. ಮುಚ್ಚಳ ತೆಗೆದರೆ ಎರಡೂ ಬಾಟ್ಲಿಯ ಮಾತ್ರೆಗಳು ಒಟ್ಟಿಗೇ ಇವೆ.

"ಅಯ್ಯೋ ಅಜ್ಜಿ, ಎಂತ ಮಾಡಿದ್ದು ನೀವು!"

"ಎಂತ ಮಾಡಿದ್ದು? ಸಮ ಮಾಡಿದ್ದು. ಚೆಂದ ಮಾಡಿ ಕುಲುಕಿ ಕೊಡ್ತಾ ಇದ್ದೇನೆ. ಇಬ್ರಿಗೂ ಅರ್ಧರ್ಧವಾದ್ರೂ ಹೋಗ್ಲಿ."

ಸಿಸ್ಟರ್ ಮೆಟ್ಟಿಲಿನ ಮೇಲೆ ಕುಕ್ಕರಿಸಿದಳು. ಅಳುವುದೋ ನಗುವುದೋ ಅವಳಿಗೇ ಗೊತ್ತಾಗಲಿಲ್ಲ. ನನಗೆ ಮಾತ್ರ ಗೊತ್ತಾಯಿತು, ನನ್ನ ಸಿಟ್ಟು ನೆತ್ತಿಗೇರಿತ್ತು. "ಅತ್ತೆ, ಇದು ನಿಮ್ಮ ಮದುವೆಮನೆಯ ಹೋಳಿಗೆಯಾ? ನನ್ನ ಹೊಟ್ಟೆಯಲ್ಲಿರುದು ಮಗು! ಒಂದನ್ನು ಕಳಕೊಂಡವಳು ನಾನು. ನಿಮಗದು ನೆನಪಾದ್ರೂ ಉಂಟಾ?" ಎಂದು ಕೂಗಿದೆ. ಅತ್ತೆ ಡಬ್ಬಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದರು.

ಮರುದಿನ ನಮ್ಮ ಮೂವರಿಗೂ ಡಾಕ್ಟರಮ್ಮನಿಂದ ಕರೆ ಬಂತು. ಅತ್ತೆ ಒಳ್ಳೆಯ ಸೀರೆ ಉಟ್ಟು, ಯುದ್ಧಕ್ಕೆ ಸಿದ್ಧರಾಗಿಯೇ ಬಂದರು. ಡಾಕ್ಟರಮ್ಮ ಬೈಯಲಿಲ್ಲ. ಮೊದಲು ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿ, ತೊಂದರೆ ಆಗಿಲ್ಲ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಮ್ಮ, ಆ ಮಾತ್ರೆ ಪಾಯಸ ಅಂತ ನಿಮಗೆ ಯಾರು ಹೇಳಿದ್ದು? ಪಾಯಸವೋ ಬರೀ ಬೆಲ್ಲದ ನೀರೋ ನಮಗೇ ಇನ್ನೂ ಗೊತ್ತಿಲ್ಲ. ಹೀಗೆ ಎರಡನ್ನೂ ಬೆರೆಸಿದ್ರೆ ಯಾವತ್ತೂ ಗೊತ್ತಾಗ್ಲಿಕ್ಕಿಲ್ಲ."

"ಗೊತ್ತಿಲ್ಲದ್ದನ್ನು ಬಡಿಸುದು ಎಂತಕ್ಕೆ?"

"ನೀವು ಅಡಿಗೆ ಮಾಡುವಾಗ ಉಪ್ಪು ಸರಿ ಉಂಟಾ ಅಂತ ನೋಡುದಿಲ್ವಾ? ಹಾಗೇ ಇದು."

"ಶಿವ ಶಿವಾ! ನೈವೇದ್ಯ ಆಗುವ ಮೊದಲು ರುಚಿ ನೋಡ್ಲಿಕ್ಕೆ ಉಂಟಾ?"

ವಾರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಅವಳನ್ನು ಚಿವುಟಿದೆ. ಡಾಕ್ಟರಮ್ಮನೂ ಸ್ವಲ್ಪ ನಕ್ಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿ ಬದಲಾಯಿತು.

"ಹೋದ ಸಲ ನಿಮ್ಮ ದೊಡ್ಡ ಸೊಸೆಯನ್ನು ಕರ್ಕೊಂಡು ಬಂದಾಗ ನನ್ನ ಹತ್ರ ಇದ್ದದ್ದನ್ನೆಲ್ಲ ಬಡಿಸಿದೆ ಅಮ್ಮ. ಸಾಕಾಗ್ಲಿಲ್ಲ. ಇನ್ನೂ ಎಂತಾದ್ರೂ ಬೇಕು. ಅದು ಎಂತದು ಅಂತ ಗೊತ್ತಾಗ್ಬೇಕಾದ್ರೆ ಯಾರಾದ್ರೂ ಮೊದಲ ಪಂಕ್ತಿಗೆ ಕೂರ್ಬೇಕು. ಎರಡನೇ ಪಂಕ್ತಿಗೆ ಬರುವ ಹೆಂಗಸರಿಗೆ ಸರಿಯಾಗಿ ಬಡಿಸ್ಬೇಕಲ್ಲ."

ಆದದ್ದನ್ನು ಮೇಲಿನವರಿಗೆ ತಿಳಿಸಬೇಕಾಗುತ್ತದೆ, ಅವರು ಒಪ್ಪಿದರೆ ಹೊಸ ಬಾಟ್ಲಿ ಕೊಡುತ್ತೇವೆ, ನಿಮಗೆ ಬೇಡವೆಂದರೆ ಬಿಡಬಹುದು, ನಿಮ್ಮನ್ನು ನೋಡಿಕೊಳ್ಳುವುದನ್ನು ಮಾತ್ರ ನಾವು ಬಿಡುವುದಿಲ್ಲ ಎಂದು ಡಾಕ್ಟರಮ್ಮ ನಮಗಿಬ್ಬರಿಗೆ ಹೇಳಿದರು. ಮುಂದುವರಿಸುತ್ತೇವೆ ಎಂದೆವು. ಅತ್ತೆ ಅಡ್ಡ ಬಾಯಿ ಹಾಕುತ್ತಾರೆಂದು ನಾನು ಹಲ್ಲು ಕಚ್ಚಿ ಕಾದೆ. ಹಾಕಲಿಲ್ಲ. ಕೆಲವು ದಿನ ಕಳೆದು ಸಿಸ್ಟರ್ ಹೊಸ ಬಾಟ್ಲಿಗಳನ್ನು ತಂದಾಗ ಎರಡೂ ಕೈ ಚಾಚಿ, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದುಕೊಂಡು, "ಯಾರದ್ದು ಯಾವುದು, ಸರಿಯಾಗಿ ಹೇಳು ಮಗಾ" ಎಂದರು. ನನ್ನದು ದೇವರ ಕೋಣೆಯ ಗೂಡಿಗೆ ಹೋಯಿತು, ಅವಳದ್ದು ಅಡುಗೆಮನೆಯ ಕಪಾಟಿಗೆ. ಹುಟ್ಟಿದಂದಿನಿಂದ ಪಂಕ್ತಿಭೇದ ಮಾಡದವರು ಆಮೇಲೆ ದಿನಾ ತಮ್ಮ ಕೈಯಾರೆ ಅದನ್ನೇ ಮಾಡಿದರು.

ಏಳನೇ ತಿಂಗಳು ದಾಟಿತು. ಅದು ದಾಟಿದ ದಿನ ನಾನು ಬಚ್ಚಲಿಗೆ ಹೋಗಿ, ಯಾರಿಗೂ ಕೇಳದ ಹಾಗೆ ಅತ್ತುಬಿಟ್ಟೆ. ಎಂಟರಲ್ಲಿ ನನ್ನ ಕಾಲು ಊದಿತು. ಚಪ್ಪಲಿ ಹಿಡಿಸುತ್ತಿರಲಿಲ್ಲ. ವಾರಗಿತ್ತಿಯ ಕಾಲು ನೋಡಿದರೆ ಗೆಜ್ಜೆ ಸಡಿಲವಾಗಿ ಆಡುತ್ತಿತ್ತು. ಆಯಿತಲ್ಲ, ನನ್ನದೇ ನೀರಿನ ಬಾಟ್ಲಿ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಹೊಟ್ಟೆಕಿಚ್ಚು ಪಡಬಾರದೆಂದುಕೊಂಡರೂ ಪಟ್ಟೆ. ಅವಳಿಗೆ ಅದು ಗೊತ್ತಾಗಿರಬೇಕು. ಒಂದು ಮಧ್ಯಾಹ್ನ ಊಟವಾದ ಮೇಲೆ ತನ್ನ ಮಾತ್ರೆಯನ್ನು ನನ್ನ ಅಂಗೈಗೆ ಒತ್ತಿದಳು.

"ಅಕ್ಕ, ಇನ್ನು ನೀವು ನನ್ನದು ತಕೊಳ್ಳಿ. ನಂಗೆ ಎಂತ ಆಗುದಿಲ್ಲ."

ನನ್ನ ಬೆರಳು ಮಡಚಿತು ಕೂಡ. ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು, ಬೆರಳು ಬಿಡಿಸಿ, ಮಾತ್ರೆಯನ್ನು ಅವಳ ಕೈಗೇ ಹಾಕಿದರು. "ಅದು ಅವಳ ಎಲೆಗೆ ಬಡಿಸಿದ್ದು" ಎಂದರು. ಎಷ್ಟು ಕಲ್ಲುಮನಸ್ಸು ಈ ಹೆಂಗಸಿನದ್ದು ಎಂದು ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಲು ನಿಲ್ಲದೆ ಫೋನ್ ಎತ್ತಿಕೊಂಡು ಸಿಸ್ಟರಿಗೆ ಕರೆ ಮಾಡಿದರು. "ದೊಡ್ಡವಳ ಕಾಲು ಊದಿದೆ, ಮೋರೆಯೂ ಊದಿದ ಹಾಗೆ ಕಾಣ್ತದೆ. ನಾಳೆ ಅಲ್ಲ, ಈಗಲೇ ಬಾ" ಎಂದರು.

ಸಿಸ್ಟರ್ ಬಂದು ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಮತ್ತೊಮ್ಮೆ ನೋಡಿದಳು. ಬಿಪಿ ಏರಿತ್ತು. ಗಂಡಸರಿಬ್ಬರೂ ಗುಂಡ್ಯದ ಹತ್ತಿರ ಒಂದು ಮದುವೆಯ ಅಡುಗೆಯಲ್ಲಿದ್ದರು, ಅಲ್ಲಿ ಫೋನ್ ಸಿಗುತ್ತಿರಲಿಲ್ಲ. ಅತ್ತೆ ಪಕ್ಕದ ಮನೆಯವರ ಕಾರು ತೆಗೆಸಿ ನನ್ನನ್ನು ಕೂರಿಸಿದರು. ಹಿಂದಿನ ಸಲ ಇದೇ ದಾರಿಯಲ್ಲಿ ಕಣ್ಣು ಮಂಜಾಗಿ ನನಗೇನೂ ಕಂಡಿರಲಿಲ್ಲ. ಈ ಸಲ ಎಲ್ಲ ಕಾಣುತ್ತಿತ್ತು: ಅಂಗಡಿಗಳು, ಬಸ್ ನಿಲ್ದಾಣದಲ್ಲಿ ನಿಂತ ಶಾಲೆಯ ಮಕ್ಕಳು, ನನ್ನ ಮೊಣಕಾಲಿನ ಮೇಲೆ ಇದ್ದ ಅತ್ತೆಯ ಕೈ. ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಎಂದರು ಡಾಕ್ಟರಮ್ಮ. ಅವತ್ತೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಈ ಸಲ ಅತ್ತಳು, ಇಡೀ ವಾರ್ಡಿಗೆ ಕೇಳುವ ಹಾಗೆ.

ಆದರೆ ತೂಕ ತೀರಾ ಕಡಿಮೆ. ಎದೆಗೆ ಚರ್ಮ ತಾಗುವಂತೆ ಒರಗಿಸಿಕೊಂಡು ಬೆಚ್ಚಗಿಡಬೇಕು, ಕಾಂಗರೂ ತನ್ನ ಮರಿಯನ್ನು ಇಟ್ಟುಕೊಳ್ಳುವ ಹಾಗೆ ಎಂದರು ನರ್ಸುಗಳು. ನನ್ನ ಬಿಪಿ ಇಳಿದಿರಲಿಲ್ಲ, ನಾನಿದ್ದದ್ದು ಬೇರೆ ಕೋಣೆಯಲ್ಲಿ. ಹೆರಿಗೆಯ ಸೂತಕ, ಮಡಿ, ಮೈಲಿಗೆ ಎಂದು ಮನೆಯಲ್ಲಿ ನಮ್ಮನ್ನೆಲ್ಲ ಕುಣಿಸುವ ಅತ್ತೆ ರವಿಕೆಯ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಹಾಕಿಕೊಂಡು, ಮೇಲೆ ಸೆರಗು ಸುತ್ತಿ ಕೂತುಬಿಟ್ಟರಂತೆ. "ಈ ಪ್ರಾಯದಲ್ಲಿ ಕಾಂಗರೂ ಆಗುದೊಂದು ಬಾಕಿ ಇತ್ತು ನಂಗೆ" ಎಂದು ನರ್ಸುಗಳನ್ನು ನಗಿಸಿದರಂತೆ. ನಾನು ಎದ್ದು ಹೋಗಿ ನೋಡಿದಾಗಲೂ ಹಾಗೇ ಕೂತಿದ್ದರು. "ಪುಳ್ಳಿ ಮಲಗಿದೆ, ಮಾತಾಡ್ಬೇಡ" ಎಂದು ನನಗೇ ಗದರಿದರು. ನಮ್ಮಲ್ಲಿ ಮೊಮ್ಮಗುವಿಗೆ ಪುಳ್ಳಿ ಎನ್ನುವುದು. ಅವರ ಬಾಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು.

ವಾರಗಿತ್ತಿಗೆ ತಿಂಗಳು ತುಂಬಿ ಗಂಡುಮಗು ಹುಟ್ಟಿತು. ಎರಡು ಮಕ್ಕಳಿಗೂ ಒಂದೇ ದಿನ ಅನ್ನಪ್ರಾಶನ ಇಟ್ಟುಕೊಂಡೆವು. ಮನೆಯ ಅಡುಗೆ, ಹತ್ತಿರದ ನೆಂಟರು, ಸಿಸ್ಟರಿಗೂ ಊಟಕ್ಕೆ ಹೇಳಿಕೆ. ನನ್ನ ಮಗಳು ಅಷ್ಟರಲ್ಲಿ ಗುಂಡುಗುಂಡಗಾಗಿ, ತಮ್ಮನ ಕೈಯಲ್ಲಿದ್ದದ್ದನ್ನು ಕಸಿಯುವಷ್ಟು ಜೋರಾಗಿದ್ದಳು. ಸಿಟ್ಟು ನನ್ನದೇ ಅಂತೆ! ಎಲ್ಲರೂ ಎಲೆಗೆ ಕೂತಾಗ, ಹೊಸದಾಗಿ ಬಸಿರಾಗಿದ್ದ ನೆಂಟರ ಹುಡುಗಿಯೊಬ್ಬಳು ಅತ್ತೆಯನ್ನು ಕೇಳಿದಳು. ಅವಳಿಗೂ ಡಾಕ್ಟರಮ್ಮ ಆ ಸಂಶೋಧನೆಯ ವಿಷಯ ಹೇಳಿದ್ದರಂತೆ.

"ದೊಡ್ಡಮ್ಮ, ಇವ್ರಿಬ್ರಲ್ಲಿ ಯಾರಿಗೆ ನಿಜವಾದ ಮದ್ದು ಸಿಕ್ಕಿದ್ದು? ಯಾರಿಗೆ ನೀರು?"

"ಅದು ಇನ್ನೂ ಯಾರಿಗೂ ಗೊತ್ತಿಲ್ಲ, ಕೆಲಸ ಮುಗೀಲಿಲ್ಲ" ಎಂದಳು ಸಿಸ್ಟರ್.

ಅತ್ತೆ ಹಪ್ಪಳದ ಬುಟ್ಟಿ ಹಿಡಿದು ಸಾಲಿನ ನಡುವೆ ನಿಂತಿದ್ದರು. ನಾನು ಅವರ ಹಿಂದೆ, ಪಾಯಸದ ಪಾತ್ರೆ ಮತ್ತು ಸೌಟು ಹಿಡಿದುಕೊಂಡು.

"ಯಾರಿಗೆ ಅಂತ ನಂಗೆ ಬೇಡ" ಎಂದರು ಅತ್ತೆ. "ಈ ಮಕ್ಕಳಿಬ್ರಿಗಿಂತ ಮೊದಲು ಕೂತದ್ದು ನಮ್ಮ ದೊಡ್ಡ ಪುಳ್ಳಿ. ಅವಳ ಎಲೆಗೆ ಹಾಕ್ಲಿಕ್ಕೆ ಯಾರ ಹತ್ರವೂ ಎಂತದ್ದೂ ಇರ್ಲಿಲ್ಲ. ಹಸಿದೇ ಎದ್ದು ಹೋಯ್ತು ಮಗು. ಇನ್ನು ಯಾರ ಮನೆಯಲ್ಲಿಯೂ ಹಾಗಾಗುದು ಬೇಡ. ಸೇರುದು ಬಿಡುದು ನಿನ್ನ ಮನಸ್ಸು. ಸೇರಿದ್ರೆ ಮಾತ್ರೆ ಬೆರೆಸ್ಬೇಡ."

ದೊಡ್ಡ ಪುಳ್ಳಿ. ಅಷ್ಟು ದಿನ ನನ್ನೊಬ್ಬಳದೇ ಎಂದುಕೊಂಡಿದ್ದ ಮಗುವನ್ನು ಅವರೂ ಎಣಿಸಿಕೊಂಡೇ ಇದ್ದರು, ಎಲ್ಲರಿಗಿಂತ ಮೊದಲು. ನಾನು ಸೌಟು ಹಿಡಿದವಳು ಹಾಗೇ ನಿಂತೆ.

ಅತ್ತೆ ತಿರುಗಿ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು, ಆದರೆ ಗದರುವುದನ್ನು ಬಿಡಲಿಲ್ಲ. "ಎಂತ ನೋಡುದು? ಪಾಯಸ ಆರ್ತದೆ. ಆ ತುದಿಯಿಂದ ಬಡಿಸ್ಕೊಂಡು ಬಾ, ಯಾರನ್ನೂ ಬಿಡ್ಬೇಡ" ಎಂದರು.

ನಾನು ಆ ತುದಿಯಿಂದ ಬಡಿಸುತ್ತ ಬಂದೆ.