ಹೆಸರಿನ ಪಕ್ಕದ ಹಣತೆ

ಬದುಕಿರುವವರನ್ನು ನೀವು ಸತ್ತವರೆಂದು ಪ್ರಕಟಿಸಿದ್ದೀರಿ. ಅದು ಕೈತಪ್ಪಿ ಆದದ್ದಲ್ಲ, ಅನುಕೂಲಕ್ಕೆಂದು ಮಾಡಿದ್ದು. ನಾನು ಕೆಲಸ ಮಾಡುವ ಕಾನೂನು ಗ್ರಂಥಾಲಯದ ಡಿಜಿಟಲ್ ಯೋಜನಾ ಸಮಿತಿ ಮತ್ತು ಅದರ ಪ್ರಕಟಣಾ ಮಂಡಳಿ, ನೀವಿಬ್ಬರೂ ಇದಕ್ಕೆ ಹೊಣೆ. ಯಾರ ಪಾಲು ಹೆಚ್ಚು, ಯಾರದು ಕಡಿಮೆ ಎಂಬುದನ್ನು ನೀವು ನೀವೇ ತೀರ್ಮಾನಿಸಿಕೊಳ್ಳಿ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಾನೂನಿನ ಸ್ನಾತಕೋತ್ತರ ಪದವಿ ಮುಗಿಸಿ ನಾನು ಇಲ್ಲಿಗೆ ಸೇರುವ ಹೊತ್ತಿಗೆ ಮೊದಲ ಸಂಪುಟ ಹೊರಬಂದಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳೆಯ ಕೌಟುಂಬಿಕ ಖಟ್ಲೆಗಳ ಸಂಪುಟ ಅದು. ಜೊತೆಗೆ ಮೂಲ ಕಾಗದಗಳನ್ನು ಯಾರು ಬೇಕಾದರೂ ಓದಬಹುದಾದ ಜಾಲತಾಣ. ಎರಡನೆಯ ಸಂಪುಟಕ್ಕೆ ಕಾಗದ ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸ. ಕೆಂಪು ಬಟ್ಟೆಯ ಗಂಟು ಬಿಚ್ಚಬೇಕು, ಹುಳು ಹಿಡಿಯದಿರಲೆಂದು ಯಾರೋ ಇಟ್ಟ ಬೇವಿನೆಲೆಯ ಪುಡಿಯನ್ನು ಕುಂಚದಿಂದ ತೆಗೆಯಬೇಕು, ಹೊಲಿದ ದಾರ ಕತ್ತರಿಸಿ ಹಾಳೆಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಬೇಕು. ನನಗೆ ಈ ಕೆಲಸ ಇಷ್ಟವಾಗಿತ್ತು. ಈಗಲೂ ಇಷ್ಟ.

ದಾಖಲೆಯನ್ನು ತಾಣಕ್ಕೆ ಏರಿಸುವಾಗ ಪ್ರತಿಯೊಬ್ಬ ಪಕ್ಷಗಾರರ ಹೆಸರಿನ ಮುಂದೆ ‘ಜೀವಂತ’ ಅಥವಾ ‘ಮೃತ’ ಎಂದು ಗುರುತಿಸಬೇಕು. ಜೀವಂತ ಎಂದರೆ ತಂತ್ರಾಂಶ ಅಲ್ಲೇ ನಿಲ್ಲುತ್ತದೆ. ಆ ವ್ಯಕ್ತಿಯ ಒಪ್ಪಿಗೆ ಪತ್ರ ಸಿಗುವ ತನಕ ಕಾಗದ ಹೊರಗೆ ಬರುವುದಿಲ್ಲ. ಮೃತ ಎಂದರೆ ಯಾವ ತಡೆಯೂ ಇಲ್ಲ. ಒಪ್ಪಿಗೆ ಕೇಳುತ್ತ ನಾಲ್ಕು ತಾಲ್ಲೂಕು ಅಲೆಯುವವರು ಯಾರು? ಹಳೆಯ ಖಟ್ಲೆ, ಎಲ್ಲರೂ ಹೋಗಿರಬೇಕು ಎಂದು ಸಮಿತಿ ಊಹಿಸಿತು. ಊಹಿಸಿ ಸುಮ್ಮನಾಗಲಿಲ್ಲ, ನಾಲ್ಕೂ ತಾಲ್ಲೂಕಿನ ಸಮಸ್ತರನ್ನೂ ಒಂದೇ ಆಜ್ಞೆಯಲ್ಲಿ ಮೃತರನ್ನಾಗಿ ಮಾಡಿತು. ತಾಣದ ವಿನ್ಯಾಸಕಾರರು ಗೌರವವಿರಲೆಂದು ಮೃತರ ಹೆಸರಿನ ಪಕ್ಕ ಪುಟ್ಟ ಹಣತೆಯ ಚಿತ್ರವೊಂದನ್ನು ಇಟ್ಟರು. ಬೆರಳು ಸೋಕಿದರೆ ಅದರ ಕುಡಿ ಅಲುಗುತ್ತದೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಲ್ಲಿಯವರೆಗೆ ಆ ಹಣತೆಗಳನ್ನು ನಾನು ನಂಬಿದ್ದೆ. ಮಟಮಟ ಮಧ್ಯಾಹ್ನ ಕರೆಂಟು ಹೋದರೆ ನಮ್ಮ ಕೋಣೆಯಲ್ಲಿ ಫ್ಯಾನು, ದೀಪ ಎರಡೂ ನಿಲ್ಲುತ್ತಿದ್ದವು; ಗಣಕಗಳಿಗೆ ಮಾತ್ರ ಬ್ಯಾಟರಿ ಇತ್ತು. ಬಿಸಿಲಿಗೆ ಎಳೆದ ಪರದೆಯ ನಸುಗತ್ತಲಲ್ಲಿ, ಗಾಳಿಯಾಡದ ಆ ಕೋಣೆಯಲ್ಲಿ, ತೆರೆಯ ತುಂಬ ಹಣತೆಗಳ ಸಾಲು ಉರಿಯುತ್ತಿತ್ತು. ಹೆಸರುಗಳನ್ನು ಮೇಲಕ್ಕೆ ಸರಿಸಿದಂತೆಲ್ಲ ಕುಡಿಗಳು ಒಂದೊಂದಾಗಿ ತಲೆಯಾಡಿಸುತ್ತಿದ್ದವು. ಆಗ ನಾನು ಕಾರಣವಿಲ್ಲದೆ ಉಸಿರು ಹಿಡಿಯುತ್ತಿದ್ದೆ.

ಒಂದು ದಿನ ಫೋನು ಬಂತು. ಇಂಡಿ ತಾಲ್ಲೂಕಿನ ಅಗರಖೇಡದ ಹುಡುಗಿ, ಕಾಲೇಜಿನಲ್ಲಿ ಓದುವವಳು.

“ಮೇಡಮ್, ನಮ್ಮ ಆಯಿ ಸತ್ತಾಳಂತ ನಿಮ್ಮ ಸೈಟಿನ್ಯಾಗ ಐತ್ರಿ.”

“ಯಾವಾಗ ತೀರಿಕೊಂಡ್ರವ್ವಾ?” ಎಂದೆ, ಅಭ್ಯಾಸಬಲದಿಂದ.

“ಸತ್ತಿಲ್ರೀ! ಇಲ್ಲೇ ರೊಟ್ಟಿ ಬಡ್ಯಾಕತ್ತಾಳ.”

ಅವಳ ಮಾತಿನ ಹಿಂದೆ ಅಜ್ಜಿಯ ಆ ಸದ್ದು ಕೇಳುತ್ತಿತ್ತು. ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು, ಒಂದೇ ಲಯದಲ್ಲಿ, ಬಿಡುವಿಲ್ಲದೆ. ನಾನು ಹೆಸರು ಹುಡುಕಿದೆ. ಹಣತೆ ಉರಿಯುತ್ತಿತ್ತು. ಫೋನಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ.

ಮರುದಿನ ಝಳಕಿಯಲ್ಲಿ ಬಸ್ಸಿಳಿದು, ಟಂಟಂ ಆಟೋ ಹಿಡಿದು ಅಗರಖೇಡಕ್ಕೆ ಹೋದೆ. ಆಯಿ ಒಲೆಯ ಮುಂದೆಯೇ ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನನ್ನ ಮಣ್ಣಿಗಿ ಬಂದೀ ಏನ ಯವ್ವಾ? ತಡಾ ಆತು, ಕೂಡು, ಊಟರೆ ಮಾಡು” ಎಂದರು. ಮೊಮ್ಮಗಳು ನಕ್ಕಳು. ಆಯಿ ನಗಲಿಲ್ಲ.

ನಡೆದದ್ದು ಇಷ್ಟು. ಮೊಮ್ಮಗಳು ಕಾಲೇಜಿನ ಪಾಠಕ್ಕೆಂದು ಊರಿನ ಹೆಸರು ಹಾಕಿ ಹುಡುಕಿದ್ದಾಳೆ. ನಮ್ಮ ತಾಣ ಸಿಕ್ಕಿದೆ. ಕಣ್ಣು ಕಾಣದವರಿಗೆಂದು ನಾವು ಮಾಡಿದ ಅನುಕೂಲವೊಂದಿದೆ: ಗುಂಡಿ ಒತ್ತಿದರೆ ಯಂತ್ರ ಓದಿ ಹೇಳುತ್ತದೆ. ನಮ್ಮೂರಿನ ಸುದ್ದಿ ಎಂಬ ಉಮೇದಿನಲ್ಲಿ ಹುಡುಗಿ ಅಡುಗೆಮನೆಯಲ್ಲೇ ಅದನ್ನು ಹಚ್ಚಿದ್ದಾಳೆ. ಹರೆಯದಲ್ಲಿ, ಗಂಡನಿಂದ ಬಿಡುಗಡೆ ಬೇಡಿ ಇಂಡಿಯ ಕೋರ್ಟಿನಲ್ಲಿ ಬಾಗಿಲು ಮುಚ್ಚಿಸಿ ಆಯಿ ಹೇಳಿದ ಮಾತುಗಳನ್ನು ಆ ಹೆಣ್ಣು ಯಂತ್ರದನಿ ಎಲ್ಲೂ ತಡೆಯದೆ, ಎಲ್ಲೂ ಅಳದೆ, ಮೊದಲಿನಿಂದ ಓದತೊಡಗಿದೆ.

“ನನ್ನ ಮಾತು ನನಗs ಹೇಳಾಕತ್ತಿತ್ತವ್ವಾ,” ಎಂದರು ಆಯಿ. “ನಾನು ಅಂತಿತ್ತು. ನಾನು ಹಿಂಗ ಅಂದೆ, ನನಗ ಹಿಂಗ ಮಾಡಿದ್ರು. ನಾ ಒಲೀ ಮುಂದ ಕುಂತೀನಿ. ಮತ್ತ ಅಲ್ಲಿ ಮಾತಾಡಾಕೀ ಯಾರು?”

ಆ ಖಟ್ಲೆ ಕೊನೆಗೆ ರಾಜಿಯಾಗಿತ್ತು. ಆಯಿ ಗಂಡನ ಮನೆಗೆ ಮರಳಿದ್ದರು, ಮಗ ಹುಟ್ಟಿದ್ದ, ಗಂಡ ತೀರಿಕೊಂಡಿದ್ದ. ತಂದೆ ಏನು ಮಾಡಿದ್ದನೆಂಬುದು ಮಗನಿಗೆ ಗೊತ್ತಿಲ್ಲ. ಅವನಿಗೆ ಅಕ್ಷರ ಬಾರದು. ಆದರೆ ಯಂತ್ರ ಓದಿ ಹೇಳುತ್ತದಲ್ಲ. “ನನ್ನ ಮಗಾ ಕೇಳೂದ್ರಾಗ ಅದನ್ನ ಮುಚ್ಚು. ಬ್ಯಾರೆ ಏನೂ ಬ್ಯಾಡ ನನಗ,” ಎಂದು ಆಯಿ ನನ್ನ ಕೈಯಲ್ಲಿ ಎರಡು ನಿಂಬೆಹಣ್ಣು ಇಟ್ಟು ಕಳಿಸಿದರು.

ಆಯಿ ಒಬ್ಬರೇ ಆಗಿರಲಾರರು ಎಂದು ನಾನು ಉಳಿದ ಮೂರು ತಾಲ್ಲೂಕಿಗೂ ಹೋದೆ. ಸಿಂದಗಿಯಲ್ಲಿ ಹೆಸರಿನ ಪಕ್ಕ ಹಣತೆ ಹೊತ್ತ ಚಾಚಾ ಒಬ್ಬರು ಹೊಲಿಗೆ ಮಷಿನ್ ತುಳಿಯುತ್ತ ಕೂತಿದ್ದರು. “ಸತ್ತೇನೇನು? ಹಂಗಾದ್ರ ಈ ಬ್ಲೌಜ್ ಯಾಕ ತಡಾ ಆತಂತ ಕೇಳಾವ್ರಿಗಿ ನೀವs ಹೇಳ್ರಿ ಮೇಡಮ್,” ಎಂದು ಚಹಾ ತರಿಸಿದರು. ನಾನು ಎದ್ದು ಹೊರಟಾಗ ಮಾತ್ರ ಸೂಜಿ ನಿಲ್ಲಿಸಿ, “ಖರೇ ಹಂಗ ಬರದಾರೇನು?” ಎಂದು ಮೆಲ್ಲಗೆ ಕೇಳಿದರು. ಮುದ್ದೇಬಿಹಾಳದಲ್ಲಿ ಒಬ್ಬರು ನನ್ನ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು.

ಬಸವನ ಬಾಗೇವಾಡಿಯ ಮನೆಯಲ್ಲಿ ನಾನು ಹುಡುಕಿಹೋದವರು ಇರಲಿಲ್ಲ. ಗೋಡೆಯ ಮೇಲಿನ ಫೋಟೊಕ್ಕೆ ಹಾಕಿದ ಹೂ ಇನ್ನೂ ಬಾಡಿರಲಿಲ್ಲ. ಅವರ ಹೆಂಡತಿ ನನ್ನ ಕೈಯಲ್ಲಿದ್ದ ಫೋನಿನ ತೆರೆ ನೋಡಿದರು.

“ಇದನ್ನ ಯಾವಾಗ ಹಾಕೀರಿ?”

“ಹ್ವಾದ ವರ್ಷರೀ.”

“ಅವ್ರು ಹೋಗಿ ಇನ್ನ ದಿನದ ಕಾರ್ಯಾನೂ ಆಗಿಲ್ಲ,” ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. “ನಿಮ್ಮ ಕಂಪ್ಯೂಟರಿಗೆ ಮೊದಲs ಹೆಂಗ ಗೊತ್ತಾತ್ರಿ?”

ಒಳಗಿನ ಕೋಣೆಯಲ್ಲಿ ಒಂದು ನಿಜವಾದ ಹಣತೆ ಉರಿಯುತ್ತಿತ್ತು. ನನ್ನ ಕೈಯಲ್ಲಿದ್ದದ್ದೂ ಉರಿಯುತ್ತಿತ್ತು. ಫೋನನ್ನು ಚೀಲಕ್ಕೆ ಹಾಕಿದರೂ ಅದು ಅಲ್ಲಿ ಉರಿಯುತ್ತಲೇ ಇದೆ ಎಂದು ಬಸ್ಸಿನಲ್ಲಿ ಇಡೀ ದಾರಿ ಅನ್ನಿಸುತ್ತಿತ್ತು.

ನಾನು ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ನೋಡೋಣ ಎಂದರು, ಏನೂ ಆಗಲಿಲ್ಲ. ಕಾದು ಸಾಕಾಗಿ ಆಯಿ ಮೊಮ್ಮಗಳೊಂದಿಗೆ ತಾವೇ ಗ್ರಂಥಾಲಯಕ್ಕೆ ಬಂದರು. ನಾನು ಅವರ ಪುಟ ತೆರೆದು, ತೆರೆಯನ್ನು ಮುಖ್ಯಸ್ಥರ ಕಡೆ ತಿರುಗಿಸಿದೆ.

“ಹಂಗೆಲ್ಲ ತಗ್ಯಾಕ ಬರೂದಿಲ್ಲವ್ವಾ,” ಎಂದರು ಅವರು, ಸಮಾಧಾನದಿಂದಲೇ. “ಇದು ವಿದ್ವತ್ ಪ್ರಕಟಣೆ. ಒಮ್ಮೆ ಪುಟಕ್ಕ ಶಾಶ್ವತ ಸಂಖ್ಯೆ ಕೊಟ್ಟ ಮ್ಯಾಲೆ ಅಳಿಸೂ ಹಂಗಿಲ್ಲ. ಮುಂದಿನ ಸಂಪುಟದಾಗ ತಿದ್ದುಪಡಿ ಟಿಪ್ಪಣಿ ಹಾಕಬಹುದು. ಇಂಥಾ ಊರಿನ ಇಂಥಾಕಿ ಬದುಕ್ಯಾಳ, ಆಕಿ ಹೇಳಿಕಿ ಇಂಥಾ ಪುಟದಾಗ ಐತಿ, ಅಂತ.”

ಆಯಿ ತೆರೆಯ ಕಡೆ ಬೆರಳು ತೋರಿಸಿದರು. “ಅಂದ್ರ ಸತ್ತಿದ್ದೂ ಸಾರತೀರಿ, ಎದ್ದ ಬಂದಿದ್ದೂ ಸಾರತೀರಿ. ಯಾವ ಪುಟಾ ಓದಬೇಕಂತ ದಾರೀನೂ ತೋರಸತೀರಿ.”

“ನಿಯಮ ಹಂಗೈತ್ರಿ.”

“ಆಗ ಕೋರ್ಟಿನ ಬಾಗಿಲದಾಗ ಪುಕಾರಾ ಮಾಡ್ತಿದ್ರು. ಮೂರು ಸಲ ಹೆಸರು ಕರದ್ರ, ಇದ್ದಾರು ಓ ಅನ್ನಬೇಕು. ಓ ಅನ್ನದವರು ಇಲ್ಲ ಅಂತ ಬರಕೋತಿದ್ರು.” ಆಯಿ ಎದ್ದು ಹೋಗಿ ಹೊಸ್ತಿಲಾಚೆ ನಿಂತರು. “ನೀವು ನನ್ನ ಕರದಿಲ್ಲ. ಕರದು ಬರಕೋರಿ.”

ಮುಖ್ಯಸ್ಥರು ಕರೆಯಲಿಲ್ಲ. ನಾನು ಕರೆದೆ. ಎರಡು ಸಲ ಕರೆದಾಗ ಆಯಿ ಸುಮ್ಮನಿದ್ದರು, ಕೋರ್ಟಿನ ರಿವಾಜು ಗೊತ್ತಿದ್ದವರಂತೆ. ಮುಜುಗರದಿಂದ ಮುಖ್ಯಸ್ಥರು ಪುಟ ಮುಚ್ಚಲು ಮೌಸಿಗೆ ಕೈ ಹಾಕಿದರು. ಅದು ತಪ್ಪಿ, ಓದಿ ಹೇಳುವ ಗುಂಡಿಯ ಮೇಲೆ ಬಿತ್ತು. ನಾನು ಮೂರನೆಯ ಸಲ ಹೆಸರು ಕರೆಯುವುದಕ್ಕೂ ಯಂತ್ರ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಅದೇ ಹೆಸರು, ಆಮೇಲೆ ಒಂದೇ ಪದ: “ಮೃತ.”

“ಹಾಜರ ಅದೀನ್ರಿ,” ಎಂದರು ಆಯಿ ಬಾಗಿಲಿನಿಂದ.

ಯಂತ್ರ ತಡೆಯಲಿಲ್ಲ. ಅವರ ಹರೆಯದ ಹೇಳಿಕೆಯ ಮೊದಲ ಸಾಲಿಗೆ ಹೋಯಿತು. ಮೊಮ್ಮಗಳು ಓಡಿಬಂದು ಗಣಕದ ತಂತಿ ಕಿತ್ತಳು. ಬ್ಯಾಟರಿ ಇತ್ತಲ್ಲ, ದನಿ ನಿಲ್ಲಲಿಲ್ಲ. ನಾನು ಪುಟ ಮುಚ್ಚುವ ತನಕ ನಾವೆಲ್ಲ ಕೇಳಬಾರದ ಒಂದಷ್ಟನ್ನು ಕೇಳಿದೆವು. ಆಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ನಿಂತಿದ್ದರು.

ತಾಣದಲ್ಲಿ ಆ ಪುಟ ಇಂದಿಗೂ ತೆರೆದೇ ಇದೆ. ಆಯಿಯ ಮಗ ಹೊಸ ಫೋನು ಕೊಂಡಿದ್ದಾನೆಂದು ಮೊಮ್ಮಗಳು ನಿನ್ನೆ ತಿಳಿಸಿದಳು.

ಆದ್ದರಿಂದ ಯೋಜನಾ ಸಮಿತಿಯ ಅಧ್ಯಕ್ಷರಲ್ಲಿಯೂ ಪ್ರಕಟಣಾ ಮಂಡಳಿಯ ಸದಸ್ಯರಲ್ಲಿಯೂ ನಾನು ವಿಧಿವತ್ತಾಗಿ ಕೇಳಿಕೊಳ್ಳುವುದೇನೆಂದರೆ: ಅಗರಖೇಡದ ಆ ಹೇಳಿಕೆಯನ್ನು, ಅದರ ಧ್ವನಿಯನ್ನು ತಕ್ಷಣ ತಾಣದಿಂದ ತೆಗೆಯಬೇಕು, ಹೆಸರೆತ್ತುವ ಯಾವ ಟಿಪ್ಪಣಿಯೂ ಬೇಡ. ಕೋರ್ಟು ಬಾಗಿಲು ಮುಚ್ಚಿ ಕೇಳಿದ್ದನ್ನು ತೆರೆಯಲು ನಿಮಗೆ ಅಧಿಕಾರ ಕೊಟ್ಟವರು ಯಾರೆಂದು ಲಿಖಿತವಾಗಿ ಉತ್ತರಿಸಬೇಕು. ನಾಲ್ಕು ತಾಲ್ಲೂಕುಗಳ ಪ್ರತಿಯೊಬ್ಬ ಪಕ್ಷಗಾರರ ಮನೆಗೂ ಹೋಗಿ ವಿಚಾರಿಸುವ ತನಕ ಇಡೀ ಸಂಗ್ರಹವನ್ನು ಮುಚ್ಚಬೇಕು, ಎರಡನೆಯ ಸಂಪುಟವನ್ನು ತಡೆಹಿಡಿಯಬೇಕು. ಹೋಗಲು ಜನರಿಲ್ಲವೆಂದರೆ ನಾನಿದ್ದೇನೆ. ಬಾಗೇವಾಡಿಯ ಆ ಮನೆಗೆ ಮಾತ್ರ ಅಧ್ಯಕ್ಷರೇ ಹೋಗಿ, ಆಕೆ ಕೇಳಿದ ಪ್ರಶ್ನೆಗೆ ಎದುರು ಕೂತು ಉತ್ತರ ಹೇಳಬೇಕು.

ನಿಮ್ಮ ಉತ್ತರದ ಒಂದು ಪ್ರತಿ ಅಗರಖೇಡದ ಆಯಿಗೆ ನೇರವಾಗಿ ಹೋಗಲಿ. ಮೊಮ್ಮಗಳು ಓದಿ ಹೇಳುತ್ತಾಳೆ. ಹೆಸರಿನ ಪಕ್ಕ ಏನನ್ನೂ ಹಚ್ಚಬೇಡಿ.