ಬುಲ್‌ಡಾಗ್ ಪ್ರದರ್ಶನಕ್ಕೆ ಶೇಂಗಾ ಉಂಡೆ

ಇ-ಮೇಲ್ ಗುಂಪಿನ ಗೆಳೆಯರೇ, ನಮ್ಮ ನಾಯಿ ಭೀಮ ಇವತ್ತು ವೈಟ್‌ಫೀಲ್ಡಿನ ಬುಲ್‌ಡಾಗ್ ಪ್ರದರ್ಶನದಲ್ಲಿ ಹೇಳಿದ ಮಾತನ್ನೆಲ್ಲ ಕೇಳಿದ. ಹೇಳಿದವನು ಮಾತ್ರ ನಾನಲ್ಲ.

ಬೇಗೂರಿನ ಟ್ರೈನರ್ ಸೆಲ್ವ ಅವನನ್ನು ಪಳಗಿಸಿದ್ದು ಬೇಯಿಸಿದ ಲಿವರ್ ಚೂರು ತಿನ್ನಿಸಿ. "ರಿಂಗ್ ಒಳಗೆ ಓನರ್ರೇ ಹೋಗ್ಬೇಕು ಸಾರ್. ಜೇಬಲ್ಲಿ ಲಿವರ್ ಇಟ್ಕೊಳ್ಳಿ," ಎಂದು ನಿನ್ನೆಯೇ ಹೇಳಿದ್ದ.

ನನ್ನ ಹೆಂಡತಿ ಧಾರವಾಡದವಳು. "ಲಿಂಗಪೂಜಾ ಮಾಡೋ ಮನ್ಯಾಗ ಲಿವರ್ ಕುದಸ್ತೀರೇನು? ಇದನ್ನ ಒಯ್ರಿ, ದಿನಾ ತಿಂತಾನಲ್ಲ," ಎಂದು ಶೇಂಗಾ ಉಂಡೆಯ ಡಬ್ಬಿ ಕೈಗಿಟ್ಟಳು. ನಾನೂ ನಂಬಿದೆ.

ರಿಂಗಿನಲ್ಲಿ "ಸಿಟ್" ಎಂದೆ. ಭೀಮ ಉಂಡೆಯನ್ನು ಮೂಸಿ ಮುಖ ತಿರುಗಿಸಿದ. ಪಕ್ಕದಲ್ಲಿ ಪೀಣ್ಯದ ಫ್ಯಾಕ್ಟರಿ ಮಾಲೀಕರೊಬ್ಬರು ತಮ್ಮ ನಾಯಿಗೆ "ಸಿಟ್" ಎಂದರು. ಅವರ ಜೇಬಿನಲ್ಲಿ ಲಿವರ್ ಇತ್ತು. ಭೀಮ ನನ್ನ ಕೈಯಿಂದ ಚೈನು ಕಿತ್ತುಕೊಂಡು ಹೋಗಿ, ಅವರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ. "ಡೌನ್" ಎಂದರು. ಅವರ ನಾಯಿಗಿಂತ ಮೊದಲೇ ಮಲಗಿದ.

ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು, "ಇದು ಯಾರ ನಾಯಿ?" ಎಂದರು. ನಾನು ಬಾಯಿ ತೆರೆಯುವುದರೊಳಗೆ, ಹಗ್ಗದ ಆಚೆ ನನ್ನ ಬೆಂಬಲಕ್ಕೆಂದೇ ನಿಂತಿದ್ದ ಸೆಲ್ವ, "ನಂಗೊತ್ತಿಲ್ಲ ಸಾರ್," ಎಂದುಬಿಟ್ಟ.

ನನ್ನನ್ನೂ ಭೀಮನನ್ನೂ ರಿಂಗಿನಿಂದ ಹೊರಗೆ ಕಳಿಸಿದರು. ಮನೆಗೆ ಬರುವಷ್ಟರಲ್ಲಿ ಭೀಮ ಮಾರುತಿ ಕಾರಿನ ಹಿಂದಿನ ಸೀಟಿನಲ್ಲಿ ಉಂಡೆಯ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದ್ದ. ಇದನ್ನು ಬರೆಯುತ್ತಿರುವಾಗ ನನ್ನ ಕುರ್ಚಿಯ ಪಕ್ಕದಲ್ಲೇ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಯಾರೂ "ಸಿಟ್" ಎಂದಿಲ್ಲ. "ಏಳು" ಎನ್ನುವ ಧೈರ್ಯ ನನಗೆ ಉಳಿದಿಲ್ಲ.