ಒಂಬತ್ತು ಅಂಗೈ

ಇವತ್ತು ಬೆಳಗ್ಗೆ ಸವಣೂರಿನಿಂದ ಶಿಗ್ಗಾಂವಿಗೆ ಹೊರಟ ಬಸ್ಸಿನಲ್ಲಿ, ಹಿಂದಿನ ಸೀಟಿನ ಮಗುವೊಂದು ಪೆಪ್ಪರಮಿಂಟು ಕಡಿಯುತ್ತಿತ್ತು. ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಕಿಟಕಿ ತೆರೆದೆ. ‘ಬಿಸಿಗಾಳಿ ಬರಾಕತ್ತೇತ್ರಿ’ ಎಂದರು ಮಗುವಿನ ತಾಯಿ. ನಾನು ಮುಚ್ಚಲಿಲ್ಲ. ಕಾರಣ ಅವರಿಗೆ ಹೇಳುವಂಥದ್ದಲ್ಲ, ನಿಮಗಾದರೆ ಹೇಳಬಹುದು.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನಾನು ಎಣಿಸುತ್ತೇನೆ. ಎಂಟನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತಿಗಿಂತ ಅಂಕಿಗಳೇ ಹೆಚ್ಚು. ವಾರಕ್ಕೆ ಎಷ್ಟು ಸಲ ಕರೆಂಟು ಹೋಯಿತು, ಗೆಳತಿಯನ್ನು ಗಂಡನ ಮನೆಗೆ ಕಳಿಸುವಾಗ ಎಷ್ಟು ಮಂದಿ ಅತ್ತರು, ಅದರಲ್ಲಿ ಎಷ್ಟು ಮಂದಿಗೆ ನಿಜವಾಗಿ ಕಣ್ಣೀರು ಬಂತು. ಅಕ್ಕ ಒಮ್ಮೆ ಕದ್ದು ಓದಿ, ‘ಇದೇನ ದಿನಚರಿಯೋ, ರೇಶನ್ ಅಂಗಡಿ ಪುಸ್ತಕಾನೋ?’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ, ಊರಿನ ನಾಲ್ಕಾರು ಸಂಗೀತಪ್ರಿಯ ಹಿರಿಯರು ಸೇರಿ ಮೇ ತಿಂಗಳ ಪ್ರತಿ ಶನಿವಾರ ಪುಕ್ಕಟೆ ಗಾಯನ ಇಡಿಸಿದರು. ಸಂಜೆ ಐದೂವರೆಗೆ ಆರಂಭ. ನವಾಬರ ಕಾಲದ ಊರು ನಮ್ಮದು, ಹಳೆಯ ಗೋಡೆಗಳಿಗೆ ಬರವಿಲ್ಲ. ಆದರೂ ಅವರು ಆರಿಸಿದ್ದು ದೊಡ್ಡ ಹುಣಸೆ ಮರದ ಬುಡ. ಹೆಸರಿಗೆ ಮಾತ್ರ ಹುಣಸೆ, ಜಾತಿ ಬೇರೆ, ಆಫ್ರಿಕಾ ಮೂಲದ್ದು. ಕಾಂಡ ನೋಡಿದರೆ ಯಾರೋ ಮರದೊಳಗೆ ಒಂದು ಕೋಣೆ ಕಟ್ಟಿ ಬಾಗಿಲು ಇಡಲು ಮರೆತಂತಿದೆ.

ನಮ್ಮ ಓಣಿಯ ಮಕ್ಕಳನ್ನು ಕರೆದೊಯ್ಯುವ ಜವಾಬ್ದಾರಿ ನನ್ನದಾಯಿತು. ಒಟ್ಟು ಒಂಬತ್ತು, ಅಕ್ಕನ ಮಗಳು ಗೌರಿ ಸೇರಿ. ಅವಳಿಗಾಗ ಆರು ವರ್ಷ. ಅವರಿಗೆ ನಾನು ಕಲಿಸಿದ ನಿಯಮ ಒಂದೇ: ನಮ್ಮ ಕಡೆ ಗಾಯನ ಭೈರವಿಯಿಂದ ಮುಗಿಯುತ್ತದೆ, ಭೈರವಿ ಮುಗಿಯುವವರೆಗೆ ಯಾರೂ ಏಳಬಾರದು. ಎದ್ದರೆ ಹಾಡುವವರಿಗೆ ಅವಮಾನ. ಮುಗಿದ ಮೇಲೆ ಒಂದೊಂದು ಪೆಪ್ಪರಮಿಂಟು. ಅದು ಆಮಿಷ ಎಂದು ಮಕ್ಕಳು ತಿಳಿದಿದ್ದರು. ನನಗೆ ಅದು ಲೆಕ್ಕ. ಒಂಬತ್ತು ಎಣಿಸಿ ತರುತ್ತಿದ್ದೆ, ಒಂಬತ್ತು ಅಂಗೈಗೆ ಇಡುತ್ತಿದ್ದೆ. ಪೊಟ್ಟಣ ಖಾಲಿಯಾದರೆ ಎಲ್ಲರೂ ಇದ್ದಾರೆಂದು ಅರ್ಥ.

ಮೈಕಿನ ಮಾಬುಸಾಬ್ ಕಾಕಾ ಇದನ್ನು ನೋಡಿ ಚೇಷ್ಟೆ ಮಾಡುತ್ತಿದ್ದರು. ‘ಏನವಾ, ಇವತ್ತೆಷ್ಟು ತಲಿ?’

‘ಒಂಬತ್ತ್ರಿ ಕಾಕಾ.’

‘ನಿಂದು ಹಿಡದೋ ಬಿಟ್ಟೋ? ನೀನ ಎಲ್ಲ್ಯರ ಕಳದೀ, ನೋಡ್ಕೋ!’

ಮೂರನೆಯ ಶನಿವಾರ ಭೈರವಿಯ ನಡುವೆ ಕರೆಂಟು ಹೋಯಿತು. ಮೈಕು ಸತ್ತರೂ ಹಾಡುತ್ತಿದ್ದ ಮುದುಕರು ನಿಲ್ಲಿಸಲಿಲ್ಲ, ಬರಿದನಿಯಲ್ಲಿ ಮುಂದುವರಿಸಿದರು. ಮುಸ್ಸಂಜೆಯ ಬೆಳಕು ಆ ಮರದ ಕೆಳಗೆ ಬೇಗ ಸಾಯುತ್ತದೆ. ಮಕ್ಕಳು ಸಣ್ಣವು ಎಂದು ಹೆದರಿ ನಾನೇ ನನ್ನ ನಿಯಮ ಮುರಿದೆ. ‘ಏಳ್ರಿ, ಸಪ್ಪಳ ಮಾಡ್ಬ್ಯಾಡ್ರಿ’ ಎಂದು ಪಿಸುಗುಟ್ಟಿ ಅಂಚಿಗೆ ಬಂದು ಪೊಟ್ಟಣ ಬಿಚ್ಚಿದೆ. ಮುಖಗಳು ಕಾಣುತ್ತಿರಲಿಲ್ಲ, ಚಾಚಿದ ಅಂಗೈಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಒಂಬತ್ತು. ಕೊನೆಯದು ತಣ್ಣಗಿತ್ತು. ಮೇ ತಿಂಗಳಲ್ಲಿ ಅಷ್ಟು ತಣ್ಣಗೆ! ಐಸ್‌ಕ್ಯಾಂಡಿ ಹಿಡಿದಿದ್ದ ಕೈ ಇರಬೇಕು ಎಂದುಕೊಂಡೆ. ಪೊಟ್ಟಣ ಖಾಲಿಯಾಗಿತ್ತು.

ಓಣಿಯಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಮಗು ಒಳಗೆ ಹೋಯಿತು. ಎಂಟು ಹೋದವು. ನಮ್ಮ ಮನೆ ಕೊನೆಯದು. ಹಿಂದೆ ಪೆಪ್ಪರಮಿಂಟು ಕಟಕಟ ಕಡಿಯುವ ಸದ್ದು ಬರುತ್ತಲೇ ಇತ್ತು.

‘ಕಡೀಬ್ಯಾಡ ಗೌರಿ, ಹಲ್ಲು ಹೋಗ್ತಾವ’ ಎಂದೆ, ತಿರುಗದೆ.

ಸದ್ದು ನಿಂತಿತು.

ಬಾಗಿಲಲ್ಲಿ ಅಕ್ಕ ಕಂದೀಲು ಹಿಡಿದು ನಿಂತಿದ್ದಳು. ನನ್ನ ಬೆನ್ನ ಹಿಂದೆ ನೋಡಿ, ‘ಗೌರಿ ಎಲ್ಲೆದಾಳ?’ ಎಂದಳು.

ತಿರುಗಿದೆ. ಓಣಿ ಉದ್ದಕ್ಕೂ ಖಾಲಿ.

ಆಮೇಲೆ ಅಕ್ಕ ಓಡಿದ್ದು, ನಾನು ಅವಳ ಹಿಂದೆ ಓಡಿದ್ದು, ಚಪ್ಪಲಿ ಎಲ್ಲಿ ಬಿಟ್ಟೆವೆಂಬುದು ಯಾವುದನ್ನೂ ನಾನು ಬರೆದಿಟ್ಟಿಲ್ಲ. ಮರದ ಸುತ್ತಲ ಬಯಲಿನಲ್ಲಿ ಜನರಿರಲಿಲ್ಲ. ಮಾಬುಸಾಬ್ ಕಾಕಾ ಮೊಬೈಲಿನ ಬೆಳಕು ಹಿಡಿದು ನಿಂತಿದ್ದರು. ಜಮಖಾನೆಯನ್ನೆಲ್ಲ ಸುತ್ತಿ, ಒಂದು ಮೂಲೆಯನ್ನು ಮಾತ್ರ ಬಿಟ್ಟಿದ್ದರು. ಆ ಮೂಲೆಯ ಮೇಲೆ ಗೌರಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

‘ಏಳವಾ ಅಂದ್ರ ಏಳವಲ್ಲಳು ನೋಡ್ರಿ’ ಎಂದರು ಕಾಕಾ. ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ. ‘ಭೈರವಿ ಮುಗದಿಲ್ಲಂತ. ಹಾಡಾವ್ರು ಎದ್ದು ಹೋಗಿ ಎಷ್ಟೊತ್ತಾತು.’

‘ಮುಗದೇತಿ, ಏಳ ನಮ್ಮವ್ವಾ’ ಎಂದೆ.

‘ಮುಗದಿಲ್ಲ ಚಿಗವ್ವಾ. ಕೇಳು.’

ಕೇಳಿದೆ. ಏನೂ ಇರಲಿಲ್ಲ. ಆದರೆ ಅವಳ ಬೆರಳು ತಾಳ ತಪ್ಪುತ್ತಿರಲಿಲ್ಲ.

ಅಕ್ಕ ಅವಳನ್ನು ಬಾಚಿ ಎತ್ತಿಕೊಂಡಳು. ದಾರಿಯಲ್ಲಿ ಅವಳ ಹೆಗಲ ಮೇಲಿನಿಂದ ಗೌರಿ ನನಗೆ ಹೇಳಿದಳು: ‘ಆಕಿ ಹೇಳಿದ್ಲು. ನೀ ಕುಂದರು, ನಿನ್ನ ಪಾಲಿಂದು ನಾ ಇಸ್ಕೋತೇನಿ ಅಂತ.’

‘ಯಾರು?’

‘ನನ್ನ ಬಾಜೂಕ ಕುಂತಿದ್ಲಲ್ಲ, ಆಕಿ.’ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು: ‘ಆಕಿ ಮನಿ ಮುಟ್ಟಿದ್ಲೇನ ಚಿಗವ್ವಾ?’

ಅಕ್ಕ ನನ್ನೊಡನೆ ಹನ್ನೊಂದು ದಿನ ಮಾತು ಬಿಟ್ಟಳು, ಅದನ್ನು ಎಣಿಸಿದ್ದೇನೆ. ಮರುದಿನ ಎಂಟು ಮನೆಗಳಿಗೂ ಹೋಗಿ ಕೇಳಿದೆ. ಎಂಟೂ ಮಕ್ಕಳು ಉಂಡು ಮಲಗಿದ್ದವು. ಊರಿನಲ್ಲಿ ಯಾರ ಮಗುವೂ ಕಾಣೆಯಾಗಿರಲಿಲ್ಲ. ದಿನಚರಿಯಲ್ಲಿ ‘ಒಂಬತ್ತು. ಎಲ್ಲರೂ ಕ್ಷೇಮ’ ಎಂದು ಬರೆದು ಪುಟ ತಿರುವಿದೆ. ನಮ್ಮದು ಸಿಕ್ಕಿತ್ತು, ಅಷ್ಟೇ ಸಾಕಾಗಿತ್ತು.

ಗೌರಿಗೆ ಈಗ ಹನ್ನೊಂದು. ಅವಳಿಗೆ ಆ ಸಂಜೆ ನೆನಪಿಲ್ಲವಂತೆ. ನನಗೆ ಮಾತ್ರ ಇಂದು ಬಸ್ಸಿನಲ್ಲಿ, ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಾಗ, ಐದು ವರ್ಷ ತಡವಾಗಿ ಒಂದು ವಿಷಯ ಹೊಳೆಯಿತು. ಆ ತಣ್ಣನೆಯ ಕೈ ಯಾರದ್ದೇ ಇರಲಿ, ಅದು ನಮ್ಮ ಓಣಿಯವರೆಗೆ ನನ್ನ ಹಿಂದೆ ನಡೆದು ಬಂದಿತ್ತು. ಕಡೀಬ್ಯಾಡ ಎಂದರೆ ಕೇಳಿತ್ತು. ಒಂಬತ್ತನೆಯ ಬಾಗಿಲಿನಲ್ಲಿ ಅದನ್ನು ಯಾರೂ ಒಳಗೆ ಕರೆಯಲಿಲ್ಲ. ಹುಡುಕಲೂ ಇಲ್ಲ.

ಈ ಶನಿವಾರ ಮತ್ತೆ ಗಾಯನವಿದೆ. ಮಕ್ಕಳನ್ನು ಹೆಸರು ಹಿಡಿದು ಕರೆದು, ಮುಖ ನೋಡಿ, ಮನೆ ಮುಟ್ಟಿಸುತ್ತೇನೆ. ಆಮೇಲೆ ಒಬ್ಬಳೇ ಮರದ ಹತ್ತಿರ ವಾಪಸು ಹೋಗಿ, ‘ಯಾರರ ಉಳದೀರೇನ್ರವಾ?’ ಎಂದು ಕೇಳುವವಳಿದ್ದೇನೆ. ಹೂಂ ಅಂದರೆ ಮನೆಗೆ ಕರೆತರುತ್ತೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.